ಎರಡು ತಂತಿಯ ಮಾತುಕತೆ: ಗಾಡಿಯೊಳಗಿನ ಕಂಪ್ಯೂಟರ್‌ಗಳು ಮೌನವಾದಾಗ

ಪಿಕಪ್ ಗಾಡಿಯ ಮೀಟರ್ ಬೋರ್ಡಿನಲ್ಲಿ ಒಂದೇ ಸಲಕ್ಕೆ ಮೂರು ದೀಪ ಹತ್ತಿಕೊಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಇಂಜಿನ್ ದೀಪ, ಎಬಿಎಸ್ ದೀಪ, ಸ್ಟೇರಿಂಗ್ ದೀಪ. ಮೂರೂ ಒಟ್ಟಿಗೆ ಕೆಟ್ಟವೇ? ಊರಿನ ಗ್ಯಾರೇಜಿನಲ್ಲಿ "ಸೆನ್ಸಾರ್ ಪ್ರಾಬ್ಲಂ" ಅನ್ನುತ್ತಾರೆ. ಪಟ್ಟಣಕ್ಕೆ ಹೋದರೆ "ಇಸಿಎಂ ಹೋಗಿದೆ, ಹೊಸದೇ ಹಾಕಬೇಕು" ಅನ್ನುತ್ತಾರೆ. ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಅದರ ಬೆಲೆ ಕೇಳಿದ ಮೇಲೆ ಆ ವರ್ಷದ ಬೆಳೆಯ ಲೆಕ್ಕವೇ ತಪ್ಪಿಹೋಗುತ್ತದೆ.

ಆದರೆ ಮೂರು ದೀಪ ಒಟ್ಟಿಗೆ ಹತ್ತಿದಾಗ ಮೂರು ಸಾಮಾನು ಒಟ್ಟಿಗೆ ಕೆಟ್ಟಿರುವುದು ಅಪರೂಪ. ಹಲವು ಸಲ ಕೆಟ್ಟಿರುವುದು ಆ ಪೆಟ್ಟಿಗೆಗಳ ನಡುವಿನ ಮಾತುಕತೆ. ಅವು ಮಾತಾಡಲು ಕಲಿತದ್ದು ಹೇಗೆ, ಮಾತು ನಿಂತಾಗ ಎಲ್ಲಿ ನಿಂತಿತು ಎಂದು ಹುಡುಕುವ ವಿದ್ಯೆ ಯಾರ ಕೈಗೆ ಸಿಕ್ಕಿತು, ಯಾರ ಕೈ ತಪ್ಪಿತು ಅನ್ನುವ ಚರಿತ್ರೆ ಇದು. ನಾವು ಓದಿದ್ದು ಪತ್ರಿಕೋದ್ಯಮ, ಆಟೋಮೊಬೈಲ್ ಅಲ್ಲ. ಆದರೂ ಹೊಸ ಗಾಡಿ ಕೊಂಡವರ ಜೇಬಿಗೆ ಸಂಬಂಧಪಟ್ಟ ಸಂಗತಿಯಾದ್ದರಿಂದ ಬರೆಯಲೇಬೇಕು ಅನ್ನಿಸಿತು.

ಹಳೆಯ ಗಾಡಿಗಳಲ್ಲಿ ಒಂದು ತಂತಿಗೆ ಒಂದೇ ಕೆಲಸ. ಹಾರ್ನಿನ ತಂತಿ ಹಾರ್ನಿಗೆ, ಲೈಟಿನ ತಂತಿ ಲೈಟಿಗೆ. ಕೆಟ್ಟದ್ದನ್ನು ಹುಡುಕಲು ಒಂದು ಬಲ್ಬು, ಎರಡು ತುಂಡು ವೈರು ಸಾಕಿತ್ತು. ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಅನ್ನುವುದನ್ನು ಪಂಪಿನೊಳಗಿನ ಸ್ಪ್ರಿಂಗು, ತೂಕದ ಗುಂಡುಗಳೇ ನೋಡಿಕೊಳ್ಳುತ್ತಿದ್ದವು. ಹಳಬರು ಅದನ್ನು ಮೈಕೋ ಪಂಪ್ ಅಂತಲೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಗಿಡ್ಡ ಹೆಸರು ಮೈಕೋ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ. ಹಿಂದೆ ನಿಂತದ್ದು ಜರ್ಮನಿಯ ಬಾಷ್ ಕಂಪನಿ. 2008ರಲ್ಲಿ ಮೈಕೋ ಅನ್ನುವ ಹೆಸರೂ ಹೋಗಿ ಬಾಷ್ ಎಂದೇ ಆಯಿತು. ಈ ಬಾಷ್ ನಮ್ಮ ಕಥೆಯಲ್ಲಿ ಇನ್ನೂ ಎರಡು ಮೂರು ಸಲ ಬರುತ್ತದೆ.

ಕಾರಿನೊಳಗೆ ಎಲೆಕ್ಟ್ರಾನಿಕ್ಸ್ ದೊಡ್ಡದಾಗಿ ಕಾಲಿಟ್ಟದ್ದು 1967ರಲ್ಲಿ, ಫೋಕ್ಸ್‌ವ್ಯಾಗನ್ 1600 ಕಾರಿನ ಪೆಟ್ರೋಲ್ ಇಂಜೆಕ್ಷನ್ನಿಗೆ ಬಾಷ್ ಒಂದು ಪೆಟ್ಟಿಗೆ ಕೊಟ್ಟಾಗ. 1978ರಲ್ಲಿ ಅದೇ ಬಾಷ್‌ನ ಎಬಿಎಸ್ ಬ್ರೇಕ್ ಮರ್ಸಿಡಿಸ್ ಕಾರಿಗೆ ಬಂತು. ಬ್ರೇಕಿನ ಪೆಟ್ಟಿಗೆಯೇ ಬೇರೆ, ಇಂಜಿನ್ನಿನ ಪೆಟ್ಟಿಗೆಯೇ ಬೇರೆ. ಅಕ್ಕಪಕ್ಕದ ಮನೆಯಲ್ಲಿದ್ದರೂ ಮಾತಿಲ್ಲ.

ಆ ಕಾಲದಲ್ಲಿ ತೊಂದರೆ ಪತ್ತೆ ಮಾಡುವ ರೀತಿಯೂ ಸರಳವೇ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ 1981ರ ಕಾರುಗಳಲ್ಲಿ ಇಂಜಿನ್ ದೀಪವೇ ಸುದ್ದಿ ಹೇಳುತ್ತಿತ್ತು. ಡ್ಯಾಶ್ ಬೋರ್ಡಿನ ಕೆಳಗಿನ ಪ್ಲಗ್ಗಿನಲ್ಲಿ ಎರಡು ಪಿನ್ನಿಗೆ ಒಂದು ತುಂಡು ತಂತಿ ಸಿಕ್ಕಿಸಿ ಕೀ ತಿರುಗಿಸಿದರೆ ದೀಪ ಮಿಣುಕುತ್ತದೆ. ಒಂದು ಮಿಣುಕು, ಸ್ವಲ್ಪ ಬಿಡುವು, ಮತ್ತೆ ಎರಡು ಮಿಣುಕು ಬಂದರೆ 12. ಇಂಜಿನ್ ತಿರುಗುತ್ತಿಲ್ಲ, ಆದರೆ ನಾನು ಎಚ್ಚರವಾಗಿದ್ದೇನೆ ಅನ್ನುವುದು ಅದರ ಅರ್ಥ. ಉಳಿದ ನಂಬರುಗಳು ಕೆಟ್ಟ ಸಾಮಾನಿನ ಕಡೆ ಬೆರಳು ತೋರಿಸುತ್ತಿದ್ದವು. ಎಣಿಸಲು ಬಂದರೆ ಸಾಕು, ಯಾವ ಸ್ಕ್ಯಾನರೂ ಬೇಡ.

ಪೆಟ್ಟಿಗೆಗಳು ಹೆಚ್ಚಿದಂತೆ ತೊಂದರೆ ಶುರುವಾಯಿತು. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದು ಬ್ರೇಕಿಗೂ ಬೇಕು, ಗೇರಿಗೂ ಬೇಕು, ಮೀಟರಿಗೂ ಬೇಕು. ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆದರೆ ಗಾಡಿಯ ಹೊಟ್ಟೆ ತುಂಬ ತಂತಿಯ ಸಿಂಬಿಯೇ. ತೂಕ ಹೆಚ್ಚು, ಖರ್ಚು ಹೆಚ್ಚು, ಕೂಡಿಸಿದ ಕಡೆಯೆಲ್ಲ ಕೆಡುವ ಭಯ.

1983ರಲ್ಲಿ ಬಾಷ್ ಇದಕ್ಕೊಂದು ಉಪಾಯ ಹುಡುಕಲು ಕೂತಿತು. ಉವೆ ಕೀಂಕೆ ಮತ್ತು ಅವರ ಜೊತೆಗಾರ ಎಂಜಿನಿಯರ್‌ಗಳು 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ಎಂಜಿನಿಯರ್‌ಗಳ ಸಮಾವೇಶದಲ್ಲಿ ಅದನ್ನು ಮುಂದಿಟ್ಟರು. ಅದೇ ಇವತ್ತಿನ 'ಕ್ಯಾನ್' ಲೈನ್. ಎಲ್ಲ ಪೆಟ್ಟಿಗೆಗಳಿಗೂ ಸೇರಿ ಎರಡೇ ತಂತಿ.

ಅರಳಿಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗೆ ಇದರ ಕ್ರಮ. ಒಬ್ಬ ಹೇಳಿದ್ದು ಎಲ್ಲರ ಕಿವಿಗೂ ಬೀಳುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಪ್ರತಿ ಸುದ್ದಿಗೂ ಒಂದು ನಂಬರ್. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ನಂಬರಿನ ಸುದ್ದಿ ಮುಂದೆ ಹೋಗುತ್ತದೆ, ದೊಡ್ಡ ನಂಬರಿನದು ತಾನಾಗಿ ಹಿಂದೆ ಸರಿದು ಕಾಯುತ್ತದೆ. ಕಟ್ಟೆಯ ಮೇಲೆ ಇಷ್ಟು ಶಿಸ್ತು ನಾವಂತೂ ನೋಡಿಲ್ಲ, ಆ ಮಾತು ಬೇರೆ.

ಎರಡು ತಂತಿಯನ್ನು ಹಗ್ಗದಂತೆ ಹೊಸೆದಿರುತ್ತಾರೆ. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವ ಪೆಟ್ಟಿಗೆ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಆಲ್ಟರ್ನೇಟರ್, ಹಾರ್ನಿನ ಗದ್ದಲ ಎರಡರ ಮೇಲೂ ಒಂದೇ ಸಮ ಬೀಳುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಬಾವಿಯೊಳಗೆ ಕೂಗಿದಾಗ ದನಿ ತಿರುಗಿ ಬರುವ ಹಾಗೆ ತಂತಿಯ ತುದಿಯಿಂದ ಸಿಗ್ನಲ್ ತಿರುಗಿ ಬರಬಾರದೆಂದು ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇಟ್ಟರು. ಈ 120 ಅನ್ನುವ ಸಂಖ್ಯೆಯೇ ಮುಂದೆ ಬಡ ಮೆಕ್ಯಾನಿಕ್‌ನ ಕೈಹಿಡಿಯಿತು.

ಇನ್ನೊಂದು ಜಾಣತನವನ್ನೂ ಹೇಳಬೇಕು. ಕೆಟ್ಟ ಪೆಟ್ಟಿಗೆಯೊಂದು ಅರಚಾಡಿ ಎಲ್ಲರ ಮಾತು ಹಾಳುಮಾಡಬಾರದಲ್ಲ, ಅದಕ್ಕಾಗಿ ಪ್ರತಿ ಪೆಟ್ಟಿಗೆಯೂ ತನ್ನ ತಪ್ಪಿನ ಲೆಕ್ಕ ಇಡುತ್ತದೆ. ಕಳಿಸಿದ ಸುದ್ದಿ ಕೆಟ್ಟರೆ 8 ಅಂಕ ಏರಿಕೆ, ಸರಿಯಾಗಿ ಹೋದರೆ 1 ಅಂಕ ಇಳಿಕೆ. ಲೆಕ್ಕ 255 ದಾಟಿತೋ, ಅದು ತಾನಾಗಿಯೇ ಕಟ್ಟೆ ಇಳಿದು ಹೋಗುತ್ತದೆ. ಸುರಕ್ಷತೆಗೆ ಇದು ಒಳ್ಳೆಯದು, ರಿಪೇರಿಗೆ ಇದೇ ತಲೆನೋವು. ಸುಮ್ಮನಾದ ಪೆಟ್ಟಿಗೆ ಸತ್ತಿದೆಯೋ, ತಂತಿ ಹಾಳಾದದ್ದರಿಂದ ಬೇಸತ್ತು ಸುಮ್ಮನಾಗಿದೆಯೋ ಹೊರಗಿನಿಂದ ತಿಳಿಯುವುದಿಲ್ಲ.

1987ರಲ್ಲಿ ಇಂಟೆಲ್ ಇದಕ್ಕೆ ಚಿಪ್ ಮಾಡಿತು. 90ರ ದಶಕದ ಆರಂಭದಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರಿಗೆ ಬಂತು. 1993ರಲ್ಲಿ ಐಎಸ್ಒ 11898 ಅನ್ನುವ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಮಾತು ಕಲಿತವು ಸರಿ, ಅದನ್ನು ಹೊರಗಿನವರು ಕೇಳಿಸಿಕೊಳ್ಳುವ ಬಾಗಿಲು ಎಲ್ಲಿಂದ ಬಂತು? ಅದು ಹೊಗೆಯಿಂದ ಬಂತು. ಲಾಸ್ ಏಂಜಲಿಸ್ ನಗರದ ಮೇಲೆ ಕವಿಯುತ್ತಿದ್ದ ವಾಹನಗಳ ಹೊಗೆಗೆ ಬೇಸತ್ತ ಕ್ಯಾಲಿಫೋರ್ನಿಯಾ ಸರ್ಕಾರ, 1988ರ ಮಾದರಿಯ ಕಾರುಗಳಿಂದ ಇಂಜಿನ್ ತನ್ನ ತೊಂದರೆಯನ್ನು ತಾನೇ ಪತ್ತೆ ಮಾಡಬೇಕು ಎಂದು ನಿಯಮ ಮಾಡಿತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು, ಒಂದೊಂದು ಕೋಡು. 1996ರಿಂದ ಇಡೀ ಅಮೆರಿಕದ ಕಾರುಗಳಿಗೆ 16 ಪಿನ್ನಿನ ಒಂದೇ ಬಗೆಯ ಪ್ಲಗ್ಗು, ಒಂದೇ ಬಗೆಯ ಕೋಡು ಕಡ್ಡಾಯವಾಯಿತು. ಓಬಿಡಿ ಅನ್ನುವುದು ಇದೇ. ಆಗಲೂ ಪ್ಲಗ್ಗಿನೊಳಗಿನ ಭಾಷೆ ಕಂಪನಿಗೊಂದರಂತೆ ಇತ್ತು. 2008ರ ಮಾದರಿಯಿಂದ ಎಲ್ಲರೂ ಕ್ಯಾನ್ ಭಾಷೆಯನ್ನೇ ಆಡಬೇಕೆಂದಾಯಿತು.

ನಮ್ಮ ಅಭಿಪ್ರಾಯದಲ್ಲಿ ಈ ಚರಿತ್ರೆಯ ಗಂಟು ಇರುವುದು ಇಲ್ಲೇ. ಕಾನೂನಿಗೆ ಬೇಕಾಗಿದ್ದದ್ದು ಹೊಗೆಯ ಲೆಕ್ಕ. ಹಾಗಾಗಿ ಹೊಗೆಗೆ ಸಂಬಂಧಪಟ್ಟ ಕೋಡುಗಳು ಎಲ್ಲರಿಗೂ ಸಿಕ್ಕಿದವು. ಬ್ರೇಕು, ಸ್ಟೇರಿಂಗು, ಬಾಗಿಲ ಬೀಗ, ಮೀಟರ್ ಬೋರ್ಡಿನ ಒಳಮಾತು ಬಹುಪಾಲು ಕಂಪನಿಯ ಮನೆಯೊಳಗೇ ಉಳಿಯಿತು. ಕಡಿಮೆ ಬೆಲೆಯ ಸ್ಕ್ಯಾನರ್ ಇಂಜಿನ್ ಕೋಡು ತೋರಿಸಿ ಎಬಿಎಸ್ ಬಂದಾಗ ಕೈಚೆಲ್ಲುವುದಕ್ಕೆ ಮುಖ್ಯ ಕಾರಣ ಇದು.

ಭಾರತಕ್ಕೂ ಇದು ಹೊಗೆಯ ದಾರಿಯಲ್ಲೇ ಬಂತು. 2010ರಲ್ಲಿ ಬಿಎಸ್-4 ನಿಯಮ ಮೊದಲು ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಒಂದು. ಕಾರುಗಳಲ್ಲಿ ಓಬಿಡಿಯ ಎರಡನೇ ಹಂತ 2013ರಿಂದ. 2020ರ ಏಪ್ರಿಲ್ 1ರಿಂದ ಬಿಎಸ್-6 ಇಡೀ ದೇಶಕ್ಕೆ ಬಂದು ಬೈಕಿನಲ್ಲೂ ಪೆಟ್ಟಿಗೆ ಕೂತಿತು. 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ನಿಯಮ ಬಂದ ಮೇಲೆ ಹೊಲಕ್ಕೂ ಇಳಿಯಿತು. ಲಾರಿ ಮತ್ತು ದೊಡ್ಡ ಯಂತ್ರಗಳಲ್ಲಿ ಅದೇ ಎರಡು ತಂತಿಯ ಮೇಲೆ ಜೆ1939 ಎಂಬ ಇನ್ನೊಂದು ಭಾಷೆ ನಡೆಯುತ್ತದೆ.

ಈಗ ಆ ಮೂರು ದೀಪದ ವಿಷಯ. ಸ್ಕ್ಯಾನರ್ ಹಾಕಿದಾಗ ಇಂಗ್ಲಿಷಿನ ಯು ಅಕ್ಷರದಿಂದ ಶುರುವಾಗುವ ಕೋಡು ಬಂದರೆ ಅದು ಮಾತುಕತೆಯ ತೊಂದರೆ. ಯು0100 ಅಂದರೆ ಇಂಜಿನ್ ಪೆಟ್ಟಿಗೆಯ ದನಿ ಕೇಳುತ್ತಿಲ್ಲ, ಯು0121 ಅಂದರೆ ಎಬಿಎಸ್ ದನಿ ಕೇಳುತ್ತಿಲ್ಲ. ಇದು ಶಾಲೆಯ ಹಾಜರಿ ಪುಸ್ತಕದಂತೆ. ಯಾರು ಬಂದಿಲ್ಲ ಎಂದಷ್ಟೇ ಹೇಳುತ್ತದೆ. ಜ್ವರ ಬಂದಿದೆಯೋ, ಬಸ್ಸು ತಪ್ಪಿತೋ, ದಾರಿಯಲ್ಲಿ ಹಳ್ಳ ಬಂದಿದೆಯೋ ಹೇಳುವುದಿಲ್ಲ. ಆ ಕೋಡು ನೋಡಿದ ಕೂಡಲೇ ಪೆಟ್ಟಿಗೆ ಬದಲಿಸುವುದು, ಹಾಜರಿ ಹಾಕದ ಹುಡುಗನ ಹೆಸರನ್ನೇ ಹೊಡೆದು ಹಾಕಿದ ಹಾಗೆ.

ಬಲ್ಲ ಮೇಸ್ತ್ರಿಗಳು ಮೊದಲು ಯಾವ ಪೆಟ್ಟಿಗೆ ಉತ್ತರ ಕೊಡುತ್ತಿದೆ, ಯಾವುದು ಕೊಡುತ್ತಿಲ್ಲ ಎಂದು ಬರೆದುಕೊಳ್ಳುತ್ತಾರೆ. ಒಂದೇ ಸುಮ್ಮನಿದ್ದರೆ ಅದರ ಫ್ಯೂಸು, ಅದರ ಅರ್ಥ್ ತಂತಿ, ಅದರ ಕಪ್ಲರ್. ನೀರು ನುಗ್ಗಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು, ಇಲಿ ಕಡಿದಿರಬಹುದು. ಹೊಸದಾಗಿ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪಿಗಾಗಿ ಯಾರೋ ತಂತಿ ಕೊರೆದು ಕೂಡಿಸಿರಬಹುದು. ಬ್ಯಾಟರಿ ಇಳಿದಿದ್ದರೂ ಇಂಥ ಕೋಡುಗಳು ಸಾಲಾಗಿ ಬರುತ್ತವೆ.

ಎಲ್ಲವೂ ಸುಮ್ಮನಿದ್ದರೆ ಅನುಮಾನ ಆ ಎರಡು ತಂತಿಯ ಮೇಲೆ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಓಬಿಡಿ ಪ್ಲಗ್ಗಿನ 6 ಮತ್ತು 14ನೇ ಪಿನ್ನಿನ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಎರಡು ತುದಿಯ ಎರಡು 120 ಸೇರಿ 60 ಓಮ್ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಎಲ್ಲೋ ತಂತಿ ತುಂಡಾಗಿ ಒಂದು ತುದಿ ಕಾಣುತ್ತಿಲ್ಲ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ಅಂಟಿವೆ, ಇಲ್ಲವೇ ಒಂದು ಪೆಟ್ಟಿಗೆ ಒಳಗೇ ಶಾರ್ಟ್ ಆಗಿದೆ. ಆಗ ಒಂದೊಂದೇ ಕಪ್ಲರ್ ಕಳಚುತ್ತಾ ಮೀಟರ್ ನೋಡಬೇಕು. ಯಾವುದನ್ನು ಕಳಚಿದಾಗ ಓಮ್ ಏರಿತೋ, ದೋಷ ಆ ಕವಲಿನಲ್ಲಿದೆ. ಹಳೆಯ ಬಲ್ಬು-ವೈರಿನ ಟೆಸ್ಟ್ ಲ್ಯಾಂಪನ್ನು ಈ ತಂತಿಗೆ ಮುಟ್ಟಿಸಲೇಬಾರದು. ಏರ್‌ಬ್ಯಾಗಿನ ಹಳದಿ ವೈರಿನ ತಂಟೆಗೂ ಹೋಗಬಾರದು. ಕೆಲವು ಹೊಸ ಗಾಡಿಗಳಲ್ಲಿ ಪ್ಲಗ್ಗಿಗೂ ಒಳಗಿನ ತಂತಿಗೂ ನಡುವೆ ಗೇಟ್‌ವೇ ಎಂಬ ಕಾವಲು ಪೆಟ್ಟಿಗೆ ಇರುತ್ತದೆ. ಅಲ್ಲಿ ಪ್ಲಗ್ಗಿನ ಓಮ್ ನಂಬಿ ಕೂರುವಂತಿಲ್ಲ, ವೈರಿಂಗ್ ನಕ್ಷೆ ಬೇಕೇ ಬೇಕು.

ನಕ್ಷೆ ಸಿಗುವುದೇ ಕಷ್ಟ. ಒಬ್ಬ ಗ್ರಾಹಕ ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ರಿಪೇರಿ ಪುಸ್ತಕ, ಪತ್ತೆ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರ ನಾಲ್ಕು ವಿಭಾಗಗಳಲ್ಲಿ ವಾಹನವೂ ಇದೆ, ಕೃಷಿ ಯಂತ್ರವೂ ಇದೆ. ಫೋನಿನಲ್ಲೇ ತೆರೆದು, ನಿಮ್ಮ ಗಾಡಿಯ ಕಂಪನಿ ಅಲ್ಲಿ ಯಾವ ಪುಸ್ತಕ, ಯಾವ ಮಾಹಿತಿ ಇಟ್ಟಿದೆ ನೋಡಿ. ಇಸಿಎಂ ಬದಲಿಸಿ ಎಂದವರನ್ನು ಹಣ ಕೊಡುವ ಮೊದಲು ಫ್ಯೂಸು, ಅರ್ಥ್, ಓಮ್ ಮೂರನ್ನೂ ನೋಡಿದಿರಾ ಅಂತ ಕೇಳಿ. ಎಷ್ಟು ಓಮ್ ಬಂತು ಅನ್ನುವುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.