ಕಂಟೋನ್ಮೆಂಟ್ (ಪದ)

ಕಂಟೋನ್ಮೆಂಟ್ ಎಂಬುದು ಸೇನೆಯ ವಸತಿ ನೆಲೆಯನ್ನು ಸೂಚಿಸುವ ಇಂಗ್ಲಿಷ್ ಪದ. ಫ್ರೆಂಚ್ ಮೂಲದ ಈ ಪದವು ಭೂವಿಭಾಗ ಎಂಬ ಅರ್ಥದ 'ಕ್ಯಾಂಟನ್' ಶಬ್ದಕ್ಕೆ ಸಂಬಂಧಿಸಿದೆ.

ಅರ್ಥ ಬದಲಾವಣೆ

ಯುರೋಪಿನಲ್ಲಿ ಇದರ ಹಳೆಯ ಅರ್ಥ, ದಂಡಯಾತ್ರೆಯ ನಡುವೆ ಅಥವಾ ಚಳಿಗಾಲದಲ್ಲಿ ಸೈನಿಕರು ತಂಗುವ ತಾತ್ಕಾಲಿಕ ಬಿಡಾರ ಎಂದಾಗಿತ್ತು. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಅದು ಶಾಶ್ವತ ಸೇನಾನೆಲೆ ಎಂಬ ಅರ್ಥ ಪಡೆಯಿತು. ಕನ್ನಡದಲ್ಲಿ ಇದಕ್ಕೆ 'ದಂಡು' ಎಂಬ ಪದ ಬಳಕೆಯಲ್ಲಿದೆ.

ಬೆಳಗಾವಿಯಲ್ಲಿ

ಬೆಳಗಾವಿ ಕೋಟೆಯು 1818ರಲ್ಲಿ ಬ್ರಿಟಿಷರ ವಶವಾದ ಬಳಿಕ ಊರಿನಲ್ಲಿ ಕಂಟೋನ್ಮೆಂಟ್ ಬೆಳೆಯಿತು. ಜನರು ಈ ಪ್ರದೇಶವನ್ನು 'ಕ್ಯಾಂಪ್' ಎನ್ನುತ್ತಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿದೆ. ಕಂಟೋನ್ಮೆಂಟ್ ಮಂಡಳಿಗಳು 2006ರ ಕಾಯ್ದೆಯಡಿ ರಕ್ಷಣಾ ಸಚಿವಾಲಯಕ್ಕೆ ಒಳಪಡುತ್ತವೆ. ಹೀಗಾಗಿ ತಾತ್ಕಾಲಿಕ ಬಿಡಾರದ ಹೆಸರು ಭಾರತದಲ್ಲಿ ಒಂದು ಪೌರಾಡಳಿತ ವ್ಯವಸ್ಥೆಯ ಹೆಸರೂ ಆಗಿದೆ.