ಕೊಡೋ ದಿನದವರೆಗೆ ಉಡುಗೊರೆ ಎಲ್ಲಿತ್ತು? (ಭಾಗ 6)

ದೋಸ್ತರೇ, ಡಿಸೆಂಬರ್ ಬಂತು. ಕ್ಲಾಸಿನಾಗ ಚೀಟಿ ಎತ್ತೋದು ಮುಗದೈತಿ. ನನಗೆ ಯಾರ ಹೆಸರು ಬಂತು ಅಂತ ಹೇಳಂಗಿಲ್ಲ. ಉಡುಗೊರೆ ತಂದು ಮನ್ಯಾಗ ಇಟ್ಟೇನಿ. ಎಲ್ಲಿ ಅಂತನೂ ಬರೆಯಂಗಿಲ್ಲ, ಯಾಕಂದ್ರ ನನ್ನ ತಂಗಿ ಈ ಪೋಸ್ಟ್ ಓದ್ತಾಳ. ಅದನ್ನ ಮುಚ್ಚಿಡೋವಾಗ ಒಂದು ಪ್ರಶ್ನೆ ಬಂತು: ಹಿಂದಿನವರು ಕ್ರಿಸ್‌ಮಸ್ ಉಡುಗೊರೆನ ಹಬ್ಬದವರೆಗೆ ಎಲ್ಲಿ ಇಡ್ತಿದ್ರು?

ಮೊದಲು ನಮ್ಮ ಕಡೆಯಿಂದಲೇ ಶುರು ಮಾಡೋಣ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಹಾನಗಲ್, ಅಕ್ಕಿಆಲೂರು ಎಲ್ಲಾ ಧಾರವಾಡ ಜಿಲ್ಲೆಯೊಳಗೇ ಇದ್ದವು. ಈ ಸೀಮೆಗೆ ಬಂದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗದ ಪಕ್ಕದ ಬೆಟಗೇರಿಗೆ ಕಾಲಿಟ್ಟರು. ಕನ್ನಡ ನಿಘಂಟಿನ ಕಿಟ್ಟೆಲ್ 1853ರಲ್ಲಿ ಬಂದದ್ದೂ ಇದೇ ಮಿಷನ್ ಮೂಲಕ. ಇವರಲ್ಲಿ ಬಹಳ ಜನ ಜರ್ಮನಿಯವರು.

ಆ ಕಾಲದ ಜರ್ಮನಿಯ ಅನುಕೂಲಸ್ಥರ ಮನೆಗಳಲ್ಲಿ ಒಂದು ರೂಢಿ ಇತ್ತು. ಹಬ್ಬದ ಮೊದಲು ಒಂದು ಕೋಣೆಗೆ ಬೀಗ ಹಾಕುತ್ತಿದ್ದರು. ಒಳಗೆ ಮರದ ಸಿಂಗಾರ, ಮೇಜಿನ ಮೇಲೆ ಉಡುಗೊರೆಗಳ ಜೋಡಣೆ. ಡಿಸೆಂಬರ್ 24ರ ಸಂಜೆ ಒಳಗಿನಿಂದ ಗಂಟೆ ಬಾರಿಸಿದಾಗ ಮಾತ್ರ ಮಕ್ಕಳಿಗೆ ಬಾಗಿಲು ತೆರೆಯುತ್ತಿತ್ತು. ಉಡುಗೊರೆಗಳನ್ನು ಹಂಗೇ ಬಿಚ್ಚಿಟ್ಟಿರುತ್ತಿದ್ದರು. ಮೇಲೆ ಕಾಗದ ಸುತ್ತಿರಲಿಲ್ಲ, ಹಂಗಾಗಿ ಇಡೀ ಕೋಣೆಗೇ ಬೀಗ ಬೇಕಾಗಿತ್ತು!

ಆದ್ರ ಬೀಗ ಹಾಕಾಕ ಒಂದು ಕೋಣೆ ಬಿಡುವಾಗಿರಬೇಕಲ್ಲ? ನಮ್ಮ ಕಡೆ ಹಳೇ ಮನೆ ಅಂದ್ರ ಪಡಸಾಲಿ, ಅಡುಗಿಮನಿ, ದೇವರ ಮನಿ. ಅದರೊಳಗೇ ಎಲ್ಲಾರೂ ಮಲಗಬೇಕು, ಕೆಲವು ಮನ್ಯಾಗ ಎತ್ತೂ ಸೈತ.

ಈ ಸಮಸ್ಯೆಗೆ ಕರಾವಳಿಯವರ ಹತ್ತಿರ ಚಂದದ ಉತ್ತರ ಐತಿ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ ಉಡುಗೊರೆ ಅಂದ್ರ ಮುಖ್ಯವಾಗಿ ತಿನಿಸು. ಅದಕ್ಕೆ ಕುಸ್ವಾರ್ ಅಂತಾರೆ. ನೆವ್ರಿ (ನಮ್ಮ ಕರ್ಚಿಕಾಯಿಯ ಅಕ್ಕ ಅಂದ್ಕೊಳ್ರಿ), ಕಿಡಿಯೊ, ಗುಳಿಯೊ, ಚಕ್ಕುಲಿ, ಲಾಡು, ಕೇಕ್. ಹಬ್ಬಕ್ಕೆ ಮುಂಚೆಯೇ ಮನೆಮಂದಿಯೆಲ್ಲಾ ಕೂತು ಮಾಡ್ತಾರೆ, ಆಮೇಲೆ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ಎತ್ತಿಡ್ತಾರೆ. ಹಬ್ಬದ ಹೊತ್ತಿಗೆ ತಟ್ಟೆಗಳಲ್ಲಿ ಜೋಡಿಸಿ ನೆರೆಮನೆಗಳಿಗೆ ಕಳಿಸೋದು. ನೆರೆಯವರು ಹಿಂದೂನೋ ಮುಸ್ಲಿಮ್ಮೋ ಅಂತ ತಟ್ಟೆ ಕೇಳೋದಿಲ್ಲ.

ಪಟ್ಟಿ ಇನ್ನೊಮ್ಮೆ ನೋಡ್ರಿ. ಬಹುತೇಕ ಎಲ್ಲಾ ಕರಿದದ್ದು ಅಥವಾ ಒಣಗಿದ್ದು. ನೀರಿನಂಶ ಕಡಿಮೆ ಇದ್ರೆ ಬೂಷ್ಟು ಹಿಡಿಯೋದು ತಡ. ಅಂದ್ರೆ ಏನು ಕೊಡಬೇಕು ಅನ್ನೋದನ್ನ ಡಬ್ಬಿನೂ ನಿರ್ಧರಿಸಿತ್ತು. ನಮ್ಮ ಪಂಚಮಿ ಉಂಡಿದೂ ಇದೇ ಲೆಕ್ಕ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ: ಮಾಡಿ ಡಬ್ಬಿ ತುಂಬಿ, ಹುಡುಗರ ಕೈಗೆ ಎಟುಕದಂಗ ಮೇಲಿಟ್ಟು, ಆಮೇಲೆ ಬೀಗರ ಮನಿಗೆ ಕಳಿಸೋದು. ಡಬ್ಬಿ ಮುಚ್ಚಳದ ಸಪ್ಪಳಾನೇ ಅಜ್ಜಿಗೆ ಅಲಾರ್ಮ್.

ಇನ್ನೊಂದು ಉಡುಗೊರೆ ಇತ್ತು, ಅದನ್ನ ಮುಚ್ಚಿಡೋದೇ ಇಲ್ಲ. ಬ್ರಿಟಿಷರ ಕಾಲದ ಡಾಲಿ. ಡಾಲಿ ಅಂದ್ರೆ ಮೂಲದಲ್ಲಿ ಬುಟ್ಟಿ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನೋ ಆಂಗ್ಲೋ-ಇಂಡಿಯನ್ ನಿಘಂಟಿನಲ್ಲೂ ಈ ಪದ ಐತಿ: ಹಣ್ಣು, ಹೂವು, ತರಕಾರಿ, ಮಿಠಾಯಿ ತಟ್ಟೆಯಲ್ಲಿಟ್ಟು ಗೌರವಕ್ಕೆ ಒಪ್ಪಿಸೋದು. ಕ್ರಿಸ್‌ಮಸ್ ಬಂದ್ರೆ ಸಾಹೇಬರ ಬಂಗಲೆ ಮುಂದೆ ಗುತ್ತಿಗೆದಾರರು, ಕೈಕೆಳಗಿನ ನೌಕರರು ಡಾಲಿ ಹಿಡಿದು ಬರ್ತಿದ್ರು. ಹಣ್ಣಿನ ಜೊತೆ ವಿಸ್ಕಿ ಬಾಟಲಿನೂ ಬರ್ತಿತ್ತು. ಇದು ಎಷ್ಟು ಹೆಚ್ಚಾಯ್ತಂದ್ರ, ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಹೂವು, ಹಣ್ಣು, ಅಂಥ ಅಲ್ಪ ಬೆಲೆಯ ವಸ್ತು ಬಿಟ್ಟು ಬೇರೆ ಕಾಣಿಕೆಗೆ ತಡೆ ಹಾಕಬೇಕಾಯ್ತು. ಜರ್ಮನಿಯ ಕೋಣೆ ಮುಚ್ಚಿತ್ತು, ಮಂಗಳೂರಿನ ಡಬ್ಬಿ ಮುಚ್ಚಿತ್ತು, ಡಾಲಿ ಮಾತ್ರ ತೆರೆದ ತಟ್ಟೆ. ಯಾರದು ಎಷ್ಟು ದೊಡ್ಡದು ಅಂತ ಎಲ್ಲರಿಗೂ ಕಾಣಲೇಬೇಕಿತ್ತು. ನನಗಂತೂ ಅದನ್ನ ಉಡುಗೊರೆ ಅನ್ನಾಕ ಬಾಯಿ ಬರೋದಿಲ್ಲ.

ಇವತ್ತು ನಾವು ಸುತ್ತೋ ಬಣ್ಣದ ಕಾಗದ ಬಹಳ ಈಚಿನದು. 1917ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ (ಮುಂದೆ ಹಾಲ್‌ಮಾರ್ಕ್ ಆದದ್ದು ಇದೇ) ಸುತ್ತೋ ತೆಳು ಕಾಗದ ಖಾಲಿಯಾಯ್ತು. ಲಕೋಟೆಯ ಒಳಗೆ ಅಂಟಿಸೋಕೆ ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಕಾಗದನ ಹಾಳೆಗೆ 10 ಸೆಂಟಿನಂತೆ ಇಟ್ಟರು. ಅದೂ ಮಾರಿ ಹೋಯ್ತು. ಅಲ್ಲಿಂದ ಆ ವ್ಯಾಪಾರ ಬೆಳೀತು. ಬೀಗದ ಕೋಣೆ ಇಲ್ಲದವರ ಮನೆಯಲ್ಲೂ ಉಡುಗೊರೆ ತನ್ನನ್ನ ತಾನೇ ಮುಚ್ಚಿಕೊಂಡು ಕೂರಬಹುದು. ಒಳಗೆ 20 ರೂಪಾಯಿದೋ 500ರದೋ, ಹೊರಗಿಂದ ತಿಳಿಯೋದಿಲ್ಲ.

ನಾವು ಮಾತ್ರ ಕ್ಲಾಸಿನಾಗ ಎಲ್ಲಾರ ಎದುರಿಗೆ ಬಿಚ್ಚಿಸ್ತೀವಿ. ಹೋದ ವರ್ಷ 200 ರೂಪಾಯಿಗೆ ಕಡಿಮೆ ಇರಬಾರದು ಅಂತ ರೂಲ್ ಮಾಡಿದವರೂ ನಾವೇ, ಅದರಾಗ ನಾನೂ ಇದ್ದೆ. ಆ ದಿನ ನಮ್ಮೊಳಗೊಬ್ಬರು ಬರಲಿಲ್ಲ. ಜ್ವರ ಅಂದ್ರು. ಮರುದಿನ ಆರಾಮಾಗೇ ಇದ್ರು. ಡಾಲಿ ಬಗ್ಗೆ ಓದುವಾಗ ನನಗೆ ನೆನಪಾದದ್ದು ಅದೇ.

ಅದಕ್ಕೇ ನಿನ್ನೆ ಗ್ರೂಪಿನಾಗ ಕೇಳೀನಿ: ಈ ಸಲ ರೊಕ್ಕದ ರೂಲ್ ಬ್ಯಾಡ, ಮನ್ಯಾಗಿನ ಶೇಂಗಾ ಉಂಡಿ ತಂದ್ರೂ ನಡೀಲಿ, ಬಿಚ್ಚೋದು ಅವರವರ ಮನ್ಯಾಗ. ಹನ್ನೊಂದು ಜನ ಹೂಂ ಅಂದಾರ. ಉಳಿದವರು ಇವತ್ತು ರಾತ್ರಿಯೊಳಗ ಹೇಳ್ರಿ.

#ಅಕ್ಕಿಆಲೂರು #ಹಾನಗಲ್ #ಕುಸ್ವಾರ್