ಭೌತವಿಜ್ಞಾನ ವಿಭಾಗ, ಬೆಂಗಳೂರು ವಿಶ್ವವಿದ್ಯಾಲಯ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಿಂದ ನೈಋತ್ಯಕ್ಕಿರುವ ಜ್ಞಾನಭಾರತಿ ಆವರಣದ ಸ್ನಾತಕೋತ್ತರ ಹಾಗೂ ಸಂಶೋಧನಾ ವಿಭಾಗ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ವಿಭಾಗದ ಬೇರು ಅದಕ್ಕೂ ಹಳೆಯ ಸೆಂಟ್ರಲ್ ಕಾಲೇಜಿನಲ್ಲಿದೆ. ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಶೋಧವನ್ನು 1928ರ ಮಾರ್ಚ್ 16ರಂದು ವಿವರಿಸಿದ್ದು ಆ ಕಾಲೇಜಿನಲ್ಲೇ. ಅಲ್ಲಿ ಭೌತವಿಜ್ಞಾನ ಓದಿದ ಎಚ್. ನರಸಿಂಹಯ್ಯ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಜ್ಞಾನಭಾರತಿ ಬೆಳೆದದ್ದು ಅವರ ಅವಧಿಯಲ್ಲಿ.

ಭೌತವಿಜ್ಞಾನದ ವಿದ್ಯೆ ಕೈಗೆ ಹತ್ತುವುದು ಪ್ರಯೋಗಾಲಯದ ಕತ್ತಲ ಕೋಣೆಯಲ್ಲಿ. ಸೋಡಿಯಂ ದೀಪ ಕೆಂಪು ಬಿಟ್ಟು ಹಳದಿಗೆ ತಿರುಗುವವರೆಗೆ ಕಾಯಬೇಕು. ಸ್ಪೆಕ್ಟ್ರೋಮೀಟರಿನ ಅಡ್ಡಗೆರೆಯನ್ನು ಆ ಹಳದಿ ಬೆಳಕಿನ ಜೋಡಿ ಗೆರೆಗಳ ಮೇಲೆ ಒಂದೊಂದಾಗಿ ಕೂರಿಸಿ, ಭೂತಗನ್ನಡಿ ಹಿಡಿದು ವರ್ನಿಯರ್ ಓದಬೇಕು. ಅವುಗಳ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್: ಇಷ್ಟೇ ಅಂತರ. ಅದರ ಕಾರಣ ಎಲೆಕ್ಟ್ರಾನಿನ ಸ್ಪಿನ್. ಸ್ಪಿನ್ ಅರ್ಥವಾಗಲು ಮಾತೃಕೆಗಳ ಗಣಿತ ಬೇಕೇ ಬೇಕು.